ಕೆಸರು ಹಸಿ ಅದೆ

ಸತ್ತ ಹಂದಿಯೊಂದನ್ನು ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ಎಸೆದು ಗಡಿಯಾರ ನೋಡುತ್ತ ನಿಂತರೆ, ಹದಿನಾಲ್ಕನೆಯ ನಿಮಿಷಕ್ಕೆ ಪಕ್ಕೆಲುಬು ಕಾಣುತ್ತಿತ್ತು. ಇಪ್ಪತ್ತಾರಕ್ಕೆ ತಲೆಬುರುಡೆ ಚೊಕ್ಕಟ. ಬಡಗಹೊಳೆ ಅಳಿವೆ ಕೇಂದ್ರಕ್ಕೆ ಯಾರೇ ದೊಡ್ಡವರು ಬರಲಿ, ನಿರ್ದೇಶಕ ವಿಠ್ಠಲ ಶಾನಭಾಗರು ಈ ಆಟ ತೋರಿಸದೆ ಕಳಿಸುತ್ತಿರಲಿಲ್ಲ. ಬಂದವರು ಮೂಗಿಗೆ ಕರವಸ್ತ್ರ ಹಿಡಿದು ನೋಡುತ್ತಿದ್ದರು. ಒಬ್ಬಿಬ್ಬರು ಕಾರಿನ ಮರೆಗೆ ಹೋಗಿ ವಾಂತಿ ಮಾಡಿಕೊಂಡು ಬರುತ್ತಿದ್ದರು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಚಾ, ಬಿಸ್ಕತ್ತು.

ಹಂದಿಯನ್ನು ತಿಂದದ್ದು ಅರ್ಧ ಅಕ್ಕಿಕಾಳಿನಷ್ಟಿದ್ದ ಒಂದು ಜೀವ. ಸಿಗಡಿಯ ದೂರದ ನೆಂಟ. ಊರಿನವರು ಅದನ್ನು ನುಸಿ ಎನ್ನುತ್ತಿದ್ದರು, ಹೆಸರಿನಲ್ಲೇ ತಾತ್ಸಾರವಿತ್ತು. ಕೆಸರಿನೊಳಗೆ ಬಾಗಿದ ಕೊಳವೆಯಂಥ ಬಿಲ ತೋಡಿ, ಅದರ ಬಾಯಲ್ಲಿ ಕೂತು, ಎರಡು ಉದ್ದ ಮೀಸೆ ಹೊರಗೆ ಚಾಚಿ, ಬಿಸಿಲಿಗೆ ಕೆಸರಿನ ಮೇಲೆ ಕಟ್ಟುವ ಕಂದು ಪಾಚಿಯ ಕೆನೆಯನ್ನು ಕೆರೆದು ತಿನ್ನುವುದು ಅದರ ಹಳೆಯ ಕಸುಬು. ನೀರು ಏರಿದಾಗ ಕಾಲು ಬೀಸಿ ನೀರನ್ನು ಸೋಸಿ ತಿನ್ನುವುದೂ ಉಂಟು. ಕೆನೆ ತೆಳುವಾದ ದಿನಗಳಲ್ಲಿ ಸತ್ತ ಮೀನಿಗೂ ಬಾಯಿ ಹಾಕುತ್ತಿತ್ತು. ಕುಮುದಾ ಅಂಬಿಗ ಎಂಬ ವಿಜ್ಞಾನಿ ಹಿಡಿದುಕೊಂಡದ್ದು ಈ ಮೂರನೆಯ ಚಾಳಿಯನ್ನು. ನುಸಿ ಏನು ತಿನ್ನಬೇಕು, ಎಲ್ಲಿ ತಿನ್ನಬೇಕು ಎಂದು ನಾವೇ ಹೇಳುವಂತಿದ್ದರೆ?

ಹಾಗೆ ಕೇಳಲು ಕಾರಣವಿತ್ತು. ಮೇಲ್ದಂಡೆಯ ಮೀನುಹಿಟ್ಟಿನ ಕಾರ್ಖಾನೆ ನೆತ್ತರು, ಕರುಳು ಬೆರೆತ ನೀರನ್ನು ಹೊಳೆಗೆ ಬಿಡುತ್ತಿತ್ತು. ಹೊಳೆ ಕಡಲು ಸೇರುವ ಅಳಿವೆ ನಾರುತ್ತಿತ್ತು, ಬೆಳಚು ಎಂಬ ಚಿಪ್ಪುಮೀನು ಬಾಯಿ ತೆರೆದುಕೊಂಡು ಸಾಯುತ್ತಿತ್ತು. ಇಳಿತದಲ್ಲಿ ಕೆಸರಿಗೆ ಇಳಿದು, ಪಾದದಿಂದ ತಡವಿ ತಡವಿ ಬೆಳಚು ಹೆಕ್ಕಿಯೇ ಮಾಣಿಕೇರಿಯ ಹೆಂಗಸರು ಬದುಕಿದ್ದು. ಕುಮುದಾಳ ತಾಯಿ ಮಾಸ್ತಿ ಮಗಳನ್ನು ಓದಿಸಿದ್ದೂ ಅದೇ ಬೆಳಚಿನಿಂದ. ಆ ಋಣ ಕುಮುದಾಳ ಮನಸ್ಸಿನಲ್ಲಿತ್ತು, ಅದರ ಬಗ್ಗೆ ಯಾರೂ ಅನುಮಾನಪಡುವಂತಿಲ್ಲ.

ಅಳಿವೆಯ ಉದ್ದಕ್ಕೂ ಒಂಬತ್ತು ಉಕ್ಕಿನ ಗೂಟ ನೆಟ್ಟರು. ಗುಂಡಿ ಒತ್ತಿದರೆ ಗೂಟದ ಬುಡದಿಂದ ಮೀನಿನ ನೆತ್ತರ ಸಾರ ಹನಿಹನಿಯಾಗಿ ನೀರಿಗೆ ಸೇರುತ್ತಿತ್ತು. ನುಸಿ ಮೂಸುವುದು ಮೀಸೆಯಿಂದ. ವಾಸನೆ ಹಿಡಿದು ಲಕ್ಷಗಟ್ಟಲೆ ನುಸಿ ಗೂಟದ ಹತ್ತಿರ ಬಂದು ಸೇರುವ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಕೊಳಕು ಅಲ್ಲಿಗೆ ತಲುಪುತ್ತಿತ್ತು. ಎರಡು ವರ್ಷದಲ್ಲಿ ಹೊಳೆ ತಿಳಿಯಾಯಿತು, ಬೆಳಚು ಮತ್ತೆ ಬಂತು. ಕುಮುದಾಳಿಗೆ ಶಾಲು ಹೊದಿಸಿದರು. ಮಾಸ್ತಿ ಆ ಶಾಲನ್ನು ಅಕ್ಕಿ ಡಬ್ಬಿಯ ಮೇಲೆ ಮುಚ್ಚಿಟ್ಟಳು, ಇಲಿ ಬರಬಾರದೆಂದು.

ನುಸಿಯ ಆಯುಷ್ಯ ಆರೇಳು ವಾರ. ಎರಡು ವರ್ಷವೆಂದರೆ ಹದಿನೈದು ಹದಿನಾರು ತಲೆಮಾರು. ಕೆನೆ ಕೆರೆಯುವ ರೋಮಗಳು ಸವೆದು, ಕತ್ತರಿಸುವ ದವಡೆ ದಪ್ಪವಾಗುತ್ತಿರುವುದನ್ನು ಕುಮುದಾ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಳು. ಅದು ಕಚ್ಚಿದ ಜಾಗ ಜೋಮು ಹಿಡಿಯುವುದನ್ನೂ, ನೆತ್ತರು ಹೆಪ್ಪುಗಟ್ಟದಿರುವುದನ್ನೂ ಬರೆದಿಟ್ಟಿದ್ದಳು. ಎಲ್ಲ ಬರೆದಿಟ್ಟಿದ್ದಳು. ಬರೆದಿಟ್ಟರೆ ಕೆಲಸ ಮುಗಿಯಿತೆಂದುಕೊಳ್ಳುವುದು ಓದಿದವರ ರೋಗ.

ಮಳೆಗಾಲದ ನಿಷೇಧ ಬಂದು ಜೂನ್ ಒಂದಕ್ಕೆ ದೋಣಿಗಳು ಕಡಲಿಗಿಳಿಯುವುದು ನಿಂತಿತು. ಮೀನಿಲ್ಲದೆ ಕಾರ್ಖಾನೆ ಮುಚ್ಚಿತು, ಅದರ ಕೊಳಚೆಯ ಕೊಳವೆ ಒಣಗಿತು.

"ಗೂಟಗಳನ್ನು ನಿಲ್ಲಿಸೋಣವೇ ಸರ್?" ಎಂದು ಕುಮುದಾ ಕೇಳಿದಳು.

"ಹೋದ ಮಳೆಗಾಲ ಎರಡು ತಿಂಗಳು ಕರೆಯದೆ ಬಿಟ್ಟದ್ದಕ್ಕೆ ಕಲಿತದ್ದನ್ನೆಲ್ಲ ಅರ್ಧ ಮರೆತಿದ್ವು," ಎಂದರು ಶಾನಭಾಗರು. "ದಿನಕ್ಕೊಂದು ಸಲ ಕರೀತಿರಲಿ. ಹೊಟ್ಟೆಗಿಲ್ಲದಿದ್ದರೆ ತಮ್ಮ ಹಳೇ ಪಾಚಿ ಕೆರ್ಕೊಂಡು ತಿನ್ತಾವೆ. ನಿಮ್ಮದೇ ಲೆಕ್ಕ ಅಲ್ವಾ ಅದು?"

ಲೆಕ್ಕ ಅವಳದೇ. ಎರಡು ವರ್ಷ ಹಳೆಯದು. ಕುಮುದಾ ಸಹಿ ಹಾಕಿದಳು. ಅಂದಿನಿಂದ ದಿನವೂ ಲಕ್ಷಾಂತರ ನುಸಿಯನ್ನು ಊಟಕ್ಕೆ ಕರೆದು, ಎಲೆ ಹಾಕಿ, ಏನೂ ಬಡಿಸದೆ ಎಬ್ಬಿಸಿ ಕಳಿಸಿದಂತಾಯಿತು.

*

ಮಾಣಿಕೇರಿಯ ಹೆಂಗಸರಲ್ಲಿ ಒಂದು ಕಟ್ಟಳೆಯಿತ್ತು. ಇಳಿತದಲ್ಲಿ ಮೊದಲು ಕಾಲಿಡುವುದು ಗುಂಪಿನ ಹಿರಿಯಳು. ಅವಳು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಪಾದ ಚುರುಗುಟ್ಟಿದರೆ "ಕೆಸರು ಹಸಿದದೆ" ಎನ್ನುತ್ತಾಳೆ. ಅಂದು ಯಾರೂ ಇಳಿಯುವುದಿಲ್ಲ. ದೂರಕ್ಕೆ ನಾಲ್ಕು ಮೀನಿನ ತಲೆ ಎಸೆದು, ಕೆಸರಿಗೆ ಉಣಿಸಿದೆವು ಎಂದುಕೊಂಡು ಮನೆಗೆ ಹೋಗುತ್ತಾರೆ. ಮತ್ತೆ ಇಳಿಯಬೇಕಾದರೆ ಅದೇ ಹಿರಿಯಳ ಬಾಯಿಂದ "ಹಸಿದಿಲ್ಲ" ಎಂದು ಬರಬೇಕು. ಬೇರೆ ಯಾರು ಹೇಳಿದರೂ ನಡೆಯದು.

ಕೇಂದ್ರ ಬಂದಮೇಲೆ ಇದಕ್ಕೊಂದು ಸುಧಾರಣೆಯಾಯಿತು. ಹನ್ನೆರಡು ಹೆಂಗಸರ ಕೊರಳಿಗೆ ನೀರು ಹೊಗದ ಫೋನು ಕಟ್ಟಿದರು. ದಿನವೂ ಕೆಸರು ಹೇಗಿದೆ ಎಂದು ಫೋನಿಗೆ ಹೇಳಬೇಕು. ಯಂತ್ರ ಅದನ್ನು ಬರಹಕ್ಕಿಳಿಸಿ, ಎಲ್ಲ ಸರಿಯಿದ್ದರೆ ಹಸಿರು ದೀಪ, ತಪ್ಪಿದ್ದರೆ ಕೆಂಪು ದೀಪ ತೋರಿಸುತ್ತದೆ. ಹಿರಿಯಳಾದ ಮಾಸ್ತಿಗೆ ಮೊದಮೊದಲು ನಗು ಬಂತು. ಆಮೇಲೆ ಒಗ್ಗಿಹೋಯಿತು. ಹಸಿರು ಬಂದರೆ ಇಳಿಯುವುದು. ಮಗಳು ಕೂತಲ್ಲಿಂದಲೇ ಬಂದ ದೀಪವಲ್ಲವೇ.

ಜೂನ್ ಐದರ ಬೆಳಿಗ್ಗೆ ಕುಮುದಾ ಚಾ ಕುಡಿಯುತ್ತಿದ್ದಳು. ಮಾಸ್ತಿ ಹೊಸ್ತಿಲ ಮೇಲೆ ಕೂತು ಪಾದಕ್ಕೆ ಅರಿಸಿನ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಬೆರಳುಗಳ ಸಂದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕಿಗಳು, ಒರೆಸಿದರೂ ಮತ್ತೆ ಒಸರುತ್ತಿದ್ದವು.

"ಚಿಪ್ಪು ಕೊಯ್ತಾ ಅವ್ವಿ?"

"ಎಂತಾ ಆಯ್ತು ಅಂತ ಫೋನಿಗೆ ಹೇಳಿದ್ದೆ," ಎಂದಳು ಮಾಸ್ತಿ, ತಲೆಯೆತ್ತದೆ.

ಅದು ಹಳೆಯ ಸಿಟ್ಟು. ಹಿಂದಿನ ವರ್ಷ ಮಾಸ್ತಿ ಊಟದ ಹೊತ್ತಿಗೆ ಕೆಸರಿನ ಸುದ್ದಿ ತೆಗೆದಾಗಲೆಲ್ಲ ಕುಮುದಾ ರೇಗಿದ್ದಳು. ಮನೆಯಲ್ಲಿ ಹೇಳಿದರೆ ದಾಖಲೆಗೆ ಬರುವುದಿಲ್ಲ ಅವ್ವಿ, ಏನಿದ್ದರೂ ಫೋನಿಗೆ ಹೇಳು ಎಂದಿದ್ದಳು. ಮಾಸ್ತಿ ಹಟಮಾರಿ. ಅಂದಿನಿಂದ ಕೆಸರಿನ ಒಂದು ಮಾತನ್ನೂ ಮನೆಯಲ್ಲಿ ಆಡಿರಲಿಲ್ಲ.

ಕುಮುದಾಳ ಅತ್ತಿಗೆ ಪದ್ಮಿ ಒಳಗಿನಿಂದ ಬುಟ್ಟಿ ತಂದಳು. ಅವಳೂ ಹನ್ನೆರಡರಲ್ಲಿ ಒಬ್ಬಳು. "ಬೆಳಚು ಸಮಾ ಸಿಗೂದಿಲ್ಲ ಈಗ. ಬರೀ ಖಾಲಿ ಚಿಪ್ಪು," ಎಂದಳು. "ಅತ್ತೆ ನಾಳೆ ಅಳಿವೆ ಬಾಯಿ ತನಕ ಹೋಗ್ತೆ ಅಂತ್ರು."

"ಅದನ್ನೂ ಫೋನಿಗೆ ಹೇಳಿ," ಎಂದು ನಕ್ಕು ಕುಮುದಾ ಲೋಟ ಕೆಳಗಿಟ್ಟಳು. ಆ ನಗು ಅವಳನ್ನು ಸಾಯುವವರೆಗೂ ಬಿಡಲಾರದು.

*

ಆರನೆಯ ತಾರೀಖು, ಬೆಳಗಿನ ಹತ್ತೂವರೆ. ಮೋಡ ಕವಿದಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಅಂದಿನ ಕರೆ ಶುರುವಾಗಿತ್ತು, ಒಂಬತ್ತನೆಯದೊಂದನ್ನು ಬಿಟ್ಟು ಎಂಟು ಗೂಟಗಳೂ ಹನಿಸುತ್ತಿದ್ದವು. ನಿಯಂತ್ರಣ ಕೊಠಡಿಯಲ್ಲಿ ಕುಮುದಾ ನಾಲ್ಕನೆಯ ಗೂಟದ ಕ್ಯಾಮೆರಾ ನೋಡುತ್ತಿದ್ದಳು. ಒಂದು ಬೆಳ್ಳಕ್ಕಿ ಕೆಸರಿಗೆ ಇಳಿಯಿತು, ಎರಡು ಹೆಜ್ಜೆ ಹಾಕಿತು, ರೆಕ್ಕೆ ಬಡಿಯಿತು. ಮೇಲೇಳಲಿಲ್ಲ. ರೆಕ್ಕೆ ಬಡಿದ ರಭಸಕ್ಕೆ ದೇಹ ಒಂದಿಷ್ಟು ಎದ್ದಿತು, ಕಾಲು ಕೆಸರಿನಲ್ಲೇ ಉಳಿಯಿತು. ಹಕ್ಕಿ ಮಗುಚಿ ಬಿತ್ತು. ಎರಡು ನಿಮಿಷದಲ್ಲಿ ಪುಕ್ಕ ಮಾತ್ರ ಗಾಳಿಗೆ ಅಲುಗುತ್ತಿತ್ತು.

ಕುಮುದಾ ಹೆಂಗಸರ ವರದಿಯ ಪಟ್ಟಿ ತೆರೆದಳು. ಆರು ದಿನ, ಹನ್ನೆರಡು ಜನ, ಎಲ್ಲರದೂ ಒಂದೇ ಸಾಲು. ಕೆಸರು ಹಸಿ ಅದೆ. ಕೆಸರು ಹಸಿ ಅದೆ. ಪಕ್ಕದಲ್ಲಿ ಎಪ್ಪತ್ತೆರಡು ಹಸಿರು ಚುಕ್ಕಿ. ಮೊದಲ ದಿನ ಅದನ್ನು ಓದಿ ಅವಳು, ಕೆಸರು ಹಸಿಯಲ್ಲದೆ ಒಣಗಿರುತ್ತದೆಯೇ ಎಂದು ನಕ್ಕಿದ್ದಳು.

ಈಗ ಕಣ್ಣು ಅಲ್ಲೇ ನಿಂತಿತು. ಮಾಣಿಕೇರಿಯಲ್ಲಿ ಯಾವ ಹೆಂಗಸು ಒದ್ದೆಗೆ ಹಸಿ ಎನ್ನುತ್ತಾಳೆ? ಬಟ್ಟೆ ಒದ್ದೆಯಾದರೆ ಚಂಡಿ, ನೆಲ ಒದ್ದೆಯಾದರೆ ಚಂಡಿ, ಕೆಸರಾದರೂ ಚಂಡಿ. ಅವಳೇ ಹುಟ್ಟಿ ಬೆಳೆದ ಮನೆಯ ಮಾತು. ಮೊದಲ ದಿನದ ಧ್ವನಿ ಒತ್ತಿದಳು. ತಾಯಿಯ ದನಿ ಸ್ಪಷ್ಟವಾಗಿತ್ತು: "ಮಾಸ್ತಿ ಹೇಳೂದು. ಕೆಸರು ಹಸಿದದೆ. ಕೇಳ್ತದ್ಯಾ? ಹಸಿದದೆ."

ಯಂತ್ರಕ್ಕೆ ಕನ್ನಡ ಕಲಿಸಿದವರು ಘಟ್ಟದ ಮೇಲಿನವರು. ಹಸಿದದೆ ಎಂಬುದನ್ನು ಅದು ಹಸಿ ಅದೆ ಎಂದು ಬರೆದುಕೊಂಡಿತು. ಕೆಸರು ಒದ್ದೆಯಿದ್ದರೆ ಅದರ ಲೆಕ್ಕಕ್ಕೆ ಎಲ್ಲ ಸರಿ, ಒಣಗಿದ್ದರೆ ಅಪಾಯ. ಅದರ ಮೇಲೆ ಸಿಟ್ಟಾಗಿ ಏನು ಫಲ? ಅಕ್ಷರ ಓದುವುದು ಬೇಗ ಆಗುತ್ತದೆಂದು ದನಿ ಕೇಳುವುದನ್ನು ಬಿಟ್ಟವಳು ಕುಮುದಾ.

ಅವಳು ಪದ್ಮಿಗೆ ಫೋನು ಹಚ್ಚಿದಳು. "ಎಲ್ಲರೂ ಮೇಲೆ ಬನ್ನಿ. ಈಗಲೇ."

"ಎಂತಕ್ಕೆ? ದೀಪ ಹಸ್ರು ಅದೆ," ಎನ್ನುತ್ತಲೇ ಪದ್ಮಿ ಬುಟ್ಟಿ ಎತ್ತಲು ಕಾಲು ಕಿತ್ತಳು. ಕ್ಯಾಮೆರಾದಲ್ಲಿ ಕುಮುದಾ ಕಂಡಳು. ಕೆಸರಿನಿಂದ ಬಂದ ಪಾದ ಕಪ್ಪಾಗಿರಲಿಲ್ಲ, ಕೆಂಪಾಗಿತ್ತು. ಬೆರಳುಗಳ ಮೇಲೆ ಚರ್ಮ ಇರಲಿಲ್ಲ. ಜೋಮಿನಲ್ಲಿ ನೋವು ತಿಳಿಯದ ಕಾರಣ ಪದ್ಮಿ ಒಂದು ಕ್ಷಣ ಅದು ಯಾರ ಕಾಲೋ ಎಂಬಂತೆ ನೋಡಿದಳು. ಆಮೇಲೆ ಕಿರುಚಿದಳು.

ಹೆಂಗಸರು ಓಡಿದರು. ಕೆಸರಿನಲ್ಲಿ ಓಡುವುದೆಂದರೆ ಪ್ರತಿ ಹೆಜ್ಜೆಗೂ ಕಾಲನ್ನು ಅದಕ್ಕೆ ಕೊಟ್ಟು ಕಿತ್ತುಕೊಳ್ಳುವುದು. ಸೋಮಿ ಎಂಬವಳು ಮುಗ್ಗರಿಸಿ ಕೈ ಊರಿದಳು. ಮುಂಗೈ ಮೇಲೆ ಬಂದಾಗ ಎಲುಬು ಬೆಳ್ಳಗೆ ಕಾಣುತ್ತಿತ್ತು. ಅದನ್ನು ನೋಡಿದವಳೇ ಮುಖ ಅಡಿಯಾಗಿ ಬಿದ್ದಳು. ಅವಳ ಸುತ್ತ ಕೆಸರು ಅನ್ನ ಕುದಿಯುವಂತೆ ಗುಳುಗುಳು ಅಲುಗಿತು. ಸೀರೆ ಒಂದು ಸಲ ಉಬ್ಬಿ ಆಮೇಲೆ ನಿಧಾನವಾಗಿ ಚಪ್ಪಟೆಯಾಯಿತು. ಉಳಿದ ಹತ್ತು ಜನ ಅಳಿವೆಯ ನಡುವೆ ತಲೆಮಾರುಗಳಿಂದ ಚಿಪ್ಪು ಸುರಿದು ಎದ್ದಿದ್ದ ದಿಬ್ಬವನ್ನು ಏರಿದರು. ದಿಬ್ಬಕ್ಕೂ ದಡಕ್ಕೂ ನಡುವೆ ನೂರು ಮಾರು ಕೆಸರು. ಅದರ ಮೇಲೆ ಉಬ್ಬರದ ನೀರು ಆಗಲೇ ಹರಿಯತೊಡಗಿತ್ತು. ನೀರು ಬಂದರೆ ನುಸಿ ಬಿಲ ಬಿಟ್ಟು ಈಜುತ್ತದೆ. ಅರ್ಧ ತಾಸಿನಲ್ಲಿ ದಿಬ್ಬವೂ ಮುಳುಗುತ್ತದೆ. ದೋಣಿಗಳನ್ನೆಲ್ಲ ಮಳೆಗಾಲಕ್ಕೆಂದು ಮೇಲಕ್ಕೆಳೆದು ಮಗುಚಿದ್ದರು.

ದಿಬ್ಬದ ಮೇಲೆ ಮಾಸ್ತಿ ಇರಲಿಲ್ಲ.

ಬಾಗಿಲು ತಳ್ಳಿಕೊಂಡು ಬಂದ ಶಾನಭಾಗರ ಮುಖ ಬಿಳಿಚಿತ್ತು. ಪರದೆ ನೋಡಿದವರೇ, "ಗೂಟ ನಿಲ್ಲಿಸಿ, ಎಲ್ಲಾ ನಿಲ್ಲಿಸಿ," ಎನ್ನುತ್ತ ಮುಖ್ಯ ಸ್ವಿಚ್ಚಿಗೆ ಕೈ ಹಾಕಿದರು.

"ಬೇಡ ಸರ್. ಕರೆ ನಿಂತರೆ ಎಲ್ಲವೂ ಇವರ ನೆತ್ತರಿನ ಜಾಡು ಹಿಡೀತಾವೆ."

ಅವರು ಕೇಳಲಿಲ್ಲ. ಕೆಳಗೆಳೆದೇಬಿಟ್ಟರು. ಪರದೆಯ ಮೇಲೆ ಎಂಟು ಗೂಟಗಳ ಸುತ್ತ ಮುತ್ತಿಕೊಂಡಿದ್ದ ನುಸಿ ಹಿಂಡಿನ ಬಿಳಿ ಕಲೆಗಳು ಒಡೆದು, ಹರಡಿ, ದಿಬ್ಬದ ಕಡೆಗೆ ತಿರುಗಿದವು. ಫೋನಿನಿಂದ ಹತ್ತು ಹೆಂಗಸರ ಕೂಗು ಒಟ್ಟಿಗೇ ಬಂತು. ಕುಮುದಾ ಸ್ವಿಚ್ಚಿನ ಮೇಲಿದ್ದ ಅವರ ಕೈ ಎಳೆದಳು, ಬರಲಿಲ್ಲ. ಕೆಸರಿನ ಮಾದರಿ ತೆಗೆಯುವ ಉಕ್ಕಿನ ಕೊಳವೆ ಮೇಜಿಗೆ ಒರಗಿತ್ತು. ಎತ್ತಿ ಮಣಿಕಟ್ಟಿನ ಮೇಲೆ ಹೊಡೆದಳು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿತು. ಎರಡನೆಯ ಏಟು ಭುಜಕ್ಕೆ ಬಿತ್ತು. ಅವರು ನೆಲಕ್ಕೆ ಕುಸಿದರು. ಅವಳಿಗೆ ಮೂರನೆಯದನ್ನೂ ಹೊಡೆಯಬೇಕೆನಿಸಿತು, ಹೊತ್ತಿರಲಿಲ್ಲ.

ಅವುಗಳನ್ನು ದಿಬ್ಬದಿಂದ ದೂರ ಕರೆಯಲು ಒಂದೇ ಗೂಟ ಉಳಿದಿತ್ತು. ಒಂಬತ್ತನೆಯದು, ಅಳಿವೆಯ ಬಾಯಲ್ಲಿ. ಉಬ್ಬರದ ನೀರು ಅಲ್ಲಿಂದಲೇ ಒಳಬರುವುದರಿಂದ ಅದರ ವಾಸನೆ ಅಳಿವೆಯ ತುಂಬ ಹರಡುತ್ತದೆ. ಕುಮುದಾ ಸ್ವಿಚ್ಚು ಮೇಲೆತ್ತಿ, ಉಳಿದ ಎಂಟನ್ನು ಆರಿಸಿ, ಒಂಬತ್ತರ ಮೇಲೆ ಬೆರಳಿಟ್ಟಳು. ಅದರ ಕ್ಯಾಮೆರಾ ಹೊತ್ತಿಕೊಂಡಿತು. ಗೂಟವನ್ನು ತಬ್ಬಿಕೊಂಡು ಮಾಸ್ತಿ ನಿಂತಿದ್ದಳು. ಸೊಂಟದವರೆಗೆ ಕೆಸರು. ಕುಮುದಾ ಅವಳ ಕೊರಳ ಫೋನಿಗೆ ಕರೆ ಹಚ್ಚಿದಳು.

"ಅವ್ವಿ."

"ಕುಮ್ದಾ, ಕಾಲು ಬರೂದಿಲ್ಲ ಮಗಾ. ಹೂತ್ಹೋಗ್ಯದೆ. ಕಾಲು ಅದೆಯೋ ಇಲ್ಲವೋ ಅದೂ ತಿಳೂದಿಲ್ಲ." ಮಾಸ್ತಿಯ ದನಿಯಲ್ಲಿ ಗಾಬರಿಗಿಂತ ದಣಿವೇ ಹೆಚ್ಚಿತ್ತು. "ಆರು ದಿನ ಫೋನಿಗೆ ಹೇಳ್ದೆ. ನೀ ಬ್ಯಾಡ ಅನ್ಲಿಲ್ಲ. ನಿಂಗೆ ಗೊತ್ತಿರ್ತದೆ ಅಂತ ಇಳ್ದೆ."

"ನಾ ಬತ್ತೆ ಅವ್ವಿ," ಎಂದಳು ಕುಮುದಾ.

"ಬಂದು ಎಂತಾ ಮಾಡ್ತೆ? ಪದ್ಮಿ ಎಲ್ಲಿ?"

"ದಿಬ್ಬದ ಮೇಲೆ. ಹತ್ತು ಜನ. ನೀರು ಏರ್ತದೆ."

ಮಾಸ್ತಿ ಗೂಟವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದಳು.

"ಈ ಗೂಟದಿಂದ ಅವನ್ನ ಕರೀಬಹುದು ಅಂದಿದ್ದೆ ನೀನು," ಎಂದಳು ಮಾಸ್ತಿ. "ಕರಿ ಹಂಗಾರೆ. ಉಣಿಸ್ದೆ ಕೆಸರು ಬಿಡೂದಿಲ್ಲ."

"ಆಗೂದಿಲ್ಲ ಅವ್ವಿ."

"ನಾ ಹೆಂಗಿದ್ರೂ ಮೇಲೆ ಬರೂದಿಲ್ಲ. ಪದ್ಮಿಗೆ ಮಕ್ಕಳು ಅವೆ. ಒತ್ತು ಮಗಾ. ಒತ್ತಿ ಆ ಟಿವಿ ಬದಿಗೆ ನೋಡ್ಬೇಡ."

ಕುಮುದಾ ಒತ್ತಿದಳು. ನೋಡಬೇಡವೆಂದರೂ ನೋಡಿದಳು. ಅಷ್ಟನ್ನಾದರೂ ತಾಯಿಗೆ ಕೊಡಬೇಕಿತ್ತು. ದಿಬ್ಬದ ಸುತ್ತ ನೆರೆದಿದ್ದ ಬಿಳಿ ಕಲೆಗಳು ಒಂದು ಗಳಿಗೆ ತಡವರಿಸಿ, ಹೊರಳಿ, ಸಾಲಾಗಿ ಅಳಿವೆಯ ಬಾಯಿಗೆ ನಡೆದವು. ಗೂಟದ ಸುತ್ತಲಿನ ನೀರು ಮೊದಲು ಮಂಕಾಯಿತು, ಆಮೇಲೆ ಕೆಂಪಾಯಿತು. ಮಾಸ್ತಿ ಕೂಗಲಿಲ್ಲ. ಅವಳ ಕೈಗಳು ಗೂಟದ ಮೇಲೆ ಸ್ವಲ್ಪ ಸ್ವಲ್ಪವೇ ಕೆಳಗೆ ಜಾರುತ್ತಿದ್ದವು.

"ಪದ್ಮಕ್ಕಾ, ಇಳೀರಿ. ದಡಕ್ಕೆ ಓಡಿ. ದಾರಿ ಬಿಟ್ಟಿದೆ," ಎಂದು ಕುಮುದಾ ಇನ್ನೊಂದು ಫೋನಿನಲ್ಲಿ ಚೀರಿದಳು.

ಹತ್ತು ಜನರಲ್ಲಿ ಒಬ್ಬಳೂ ಕಾಲು ತೆಗೆಯಲಿಲ್ಲ. ನೀರು ಅವರ ಪಾದಕ್ಕೆ ಎರಡು ಗೇಣು ಕೆಳಗಿತ್ತು.

"ನಿನ್ನ ದೀಪ ನಂಬೇ ಇಳ್ದದ್ದು," ಎಂದಳು ಪದ್ಮಿ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಇನ್ನು ಅತ್ತೆ ಹೇಳ್ಬೇಕು. ಅತ್ತೆ ಹೇಳ್ದೆ ಯಾರೂ ಇಳೂದಿಲ್ಲ."

ಅದೇ ಹೊತ್ತಿಗೆ ಕೊಠಡಿಯಲ್ಲಿ ಗಂಟೆ ಹೊಡೆದುಕೊಂಡಿತು. ಎರಡು ವರ್ಷದಲ್ಲಿ ಮೊದಲ ಸಲ ಪರದೆಯ ಮೇಲೆ ಕೆಂಪು ದೀಪ ಉರಿಯಿತು. ವರದಿ ಕಳಿಸಿದವರು ಮಾಸ್ತಿ ಅಂಬಿಗ. ಕೆಸರು ಹಸಿ ಇಲ್ಲ. ಅಪಾಯ. ಯಾರೂ ಇಳಿಯತಕ್ಕದ್ದಲ್ಲ.

ಕುಮುದಾ ಓದಲಿಲ್ಲ. ಧ್ವನಿ ಒತ್ತಿ, ಪದ್ಮಿ ಕೇಳುತ್ತಿದ್ದ ಫೋನನ್ನು ಯಂತ್ರದ ಸ್ಪೀಕರಿಗೆ ಹಿಡಿದಳು. ದಿಬ್ಬದ ಮೇಲಿದ್ದ ಹತ್ತೂ ಜನ ಕೇಳಿದರು. ನೀರು ಕುಡಿಯುತ್ತಿದ್ದ ಬಾಯಿಂದ ಬಂದ ದನಿ, ತಡೆ ತಡೆದು, ಆದರೂ ಅನುಮಾನಕ್ಕೆ ಎಡೆಯಿಲ್ಲದ ಹಾಗೆ: "ಮಾಸ್ತಿ ಹೇಳೂದು. ಈಗ ಕೆಸರು ಹಸಿದಿಲ್ಲ. ದಾಟಿ."

ಅವರು ಒಬ್ಬರ ಸೊಂಟ ಒಬ್ಬರು ಹಿಡಿದು ನೀರಿಗೆ ಇಳಿದರು. ಎದೆಮಟ್ಟದ ನೀರಿನಲ್ಲಿ ನೂರು ಮಾರು. ಹತ್ತು ಜನ ಇಳಿದರು, ಹತ್ತು ಜನ ಹತ್ತಿದರು.

*

ಮರುದಿನ ಊರಿಗೆ ಊರೇ ಗುದ್ದಲಿ ಹಾರೆ ಹಿಡಿದು ಬಂತು. ಮಗುಚಿದ್ದ ದೋಣಿ ನೀರಿಗಿಳಿಸಿ ಒಂಬತ್ತು ಗೂಟ ಕಿತ್ತು ಚಚ್ಚಿದರು, ನಿಯಂತ್ರಣ ಕೊಠಡಿಗೆ ಬೆಂಕಿ ಇಟ್ಟರು. ಹೆಂಗಸರ ದನಿಗಳನ್ನೆಲ್ಲ ತನ್ನ ಫೋನಿಗೆ ಇಳಿಸಿಕೊಂಡು ಬೀಗದ ಕೈ ಕೊಟ್ಟವಳು ಕುಮುದಾ. ವಾರ ಕಳೆದು ಮಳೆ ಹಿಡಿಯಿತು, ಹೊಳೆಯ ಸಿಹಿನೀರು ನುಗ್ಗಿತು. ಕೆನೆ ಕೆರೆಯುವುದು ಮರೆತ ನುಸಿ ಒಂದನ್ನೊಂದು ತಿಂದು ಮುಗಿದವು.

ವಿಚಾರಣೆ ನಡೆದದ್ದು ಜುಲೈ ಮೊದಲ ವಾರ, ತಾಲ್ಲೂಕು ಕಚೇರಿಯಲ್ಲಿ. ಅಧಿಕಾರಿ ದೂರದ ಜಿಲ್ಲೆಯವರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಶಾನಭಾಗರು ಯಂತ್ರದ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಯಂತ್ರದಲ್ಲಿ ತಪ್ಪಿಲ್ಲ ಎಂದರು. ಆರು ದಿನ ಎಲ್ಲ ಸರಿಯಿತ್ತು, ಹಸಿರು ತೋರಿಸಿತು. ಏಳನೆಯದಾಗಿ ಒಂದು ಸಲ ಕೆಂಪಗೆ ಎಚ್ಚರಿಕೆ ಕೊಟ್ಟಿತು. ಆ ಎಚ್ಚರಿಕೆ ಮೀರಿ ಹತ್ತು ಜನರನ್ನು ನೀರಿಗಿಳಿಸಿದ್ದು, ನನ್ನ ಮೇಲೆ ಕೈ ಮಾಡಿದ್ದು ಈ ಹೆಂಗಸು.

ಅಧಿಕಾರಿ ಪಟ್ಟಿಯ ಮೇಲೆ ಪೆನ್ನು ಆಡಿಸಿದರು. "ಅಪಾಯ ಅಂತ ಸ್ಪಷ್ಟವಾಗಿ ಬಂದಿದೆ. ಆದರೂ ಇಳಿಸಿದಿರಾ?"

"ಇಳಿಸಿದೆ," ಎಂದಳು ಕುಮುದಾ.

"ಅದಕ್ಕೂ ಮೊದಲಿನ ಎಲ್ಲಾ ವರದಿಯಲ್ಲೂ ಕೆಸರು ಹಸಿ ಅಂತಿದೆ. ಕೆಸರು ಹಸಿಯಾಗಿದ್ದರೆ ಅದರಲ್ಲಿ ಗಾಬರಿಪಡುವಂಥದ್ದು ಏನಮ್ಮ?"

ಹಿಂದಿನ ಬೆಂಚಿನಿಂದ ಪದ್ಮಿ ಎದ್ದಳು. ಕೋಲು ಊರಿಕೊಂಡು ಬಂದು, ಯಾರೂ ಹೇಳುವ ಮೊದಲೇ ಕುರ್ಚಿ ಎಳೆದು ಕೂತು, ಬಲಗಾಲನ್ನು ಎತ್ತಿ ಆ ಪಟ್ಟಿಯ ಮೇಲೆ ಇಟ್ಟಳು. ಸುತ್ತಿದ್ದ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಬೆರಳುಗಳು ಇರಲಿಲ್ಲ. ಹಿಮ್ಮಡಿಯವರೆಗೆ ಸುಲಿದ ಹಾಗಿತ್ತು.

"ಸಾಹೇಬ್ರೆ, ಒದ್ದೆ ಆದ್ರೆ ನಾವು ಚಂಡಿ ಅಂತೇವೆ," ಎಂದಳು. "ಹಸಿವು ಅಂದ್ರೆ ಇದು."

ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಗುಮಾಸ್ತ ಪೆನ್ನು ಎತ್ತಿದವನು ಎತ್ತಿದಂತೆಯೇ ಕೂತು, "ಇದನ್ನ ಏನಂತ ಬರ್ಕೊಳ್ಳಲಿ ಸರ್?" ಎಂದ.

"ಬರೆಯಬೇಡಿ," ಎಂದಳು ಕುಮುದಾ. ಫೋನು ತೆಗೆದು ಆ ಪಾದದ ಪಕ್ಕದಲ್ಲಿಟ್ಟಳು. "ಕೇಳಿ."